ಹಳೇ ಪುಸ್ತಕದ ನಕಲು ಕೇಳಿದರೆ ಇಷ್ಟೊಂದು ಫಾರಂ ಯಾಕೆ?

ಪ್ರಶ್ನೆ: ನಾನು ಹವ್ಯಾಸಕ್ಕೆ ಇತಿಹಾಸ ಓದುವವನು. 1790ರ ದಶಕದಲ್ಲಿ ಅಚ್ಚಾದ ಒಂದು ಪ್ರವಾಸ ಕಥನದ ಬಗ್ಗೆ ಲೇಖನ ಬರೆಯುತ್ತಿದ್ದೇನೆ. ಅದರ ಸ್ಕ್ಯಾನ್ ಆನ್‌ಲೈನಿನಲ್ಲಿ ಪುಕ್ಕಟೆ ಸಿಕ್ಕಿತು. ಆದರೆ ಅದರಲ್ಲಿ ನಕ್ಷೆಗಳು ಕಾಣುವುದೇ ಇಲ್ಲ. ದೂರದ ಒಂದು ಅಪರೂಪದ ಪುಸ್ತಕಗಳ ಗ್ರಂಥಾಲಯದಲ್ಲಿರುವ ಪ್ರತಿಯಲ್ಲಿ ಆ ಕಾಲದ ಓದುಗರೊಬ್ಬರು ಅಂಚಿನಲ್ಲಿ ಟಿಪ್ಪಣಿ ಬರೆದಿದ್ದಾರೆ ಅಂತ ಕ್ಯಾಟಲಾಗ್ ಹೇಳುತ್ತದೆ. 'ಇಡೀ ಪುಸ್ತಕದ ಜೆರಾಕ್ಸ್ ಕಳಿಸಿ' ಎಂದು ಬರೆದೆ. ಅವರಿಂದ ಉದ್ದದ ಉತ್ತರ ಬಂತು. ಜೆರಾಕ್ಸ್ ಮಾಡುವುದಿಲ್ಲವಂತೆ. ಪುಸ್ತಕದ ಸ್ಥಿತಿ ನೋಡಿ ಆಮೇಲೆ ಹೇಳುತ್ತಾರಂತೆ. ನಕ್ಷೆಗೆ ಬೇರೆ ದರ. ಮೈಕ್ರೋಫಿಲ್ಮಿನಿಂದ (ಪುಟಗಳನ್ನು ಚಿಕ್ಕದಾಗಿ ಚಿತ್ರ ತೆಗೆದಿಟ್ಟ ಫಿಲ್ಮ್) ಆದರೆ ಬೇಗ ಕೊಡುತ್ತಾರಂತೆ. ಟಿಪ್ಪಣಿಗಳ ಬಗ್ಗೆ ತಿಳಿಯಬೇಕಾದರೆ ಸ್ವತಂತ್ರ ಸಂಶೋಧಕರನ್ನು ಗೊತ್ತುಮಾಡಿಕೊಳ್ಳಬೇಕು, ಪ್ರಕಟಿಸುವುದಾದರೆ ಪ್ರತ್ಯೇಕ ಅನುಮತಿ ಬೇಕು. ಇನ್ನೂರು ವರ್ಷ ದಾಟಿದ ಪುಸ್ತಕಕ್ಕೆ ಕಾಪಿರೈಟ್ ಎಲ್ಲಿಂದ ಬಂತು? ಆ ಊರಿನಲ್ಲಿ ನನ್ನ ಗೆಳೆಯನಿದ್ದಾನೆ. ಅವನೇ ಹೋಗಿ ಫೋನಿನಲ್ಲಿ ಫೋಟೋ ತೆಗೆದರೆ ಸಾಲದೇ? ಅಥವಾ ಇವರು ಸುಮ್ನೆ ದುಡ್ಡು ಮಾಡುತ್ತಿದ್ದಾರಾ?

ಉತ್ತರ:

ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಇಲ್ಲ, ದುಡ್ಡು ಮಾಡುತ್ತಿಲ್ಲ. ಇಂಥ ವಿಭಾಗದಲ್ಲಿ ಓದುಗರ ಪತ್ರಗಳಿಗೆ ಉತ್ತರ ಬರೆಯುವುದು, ನಕಲು ಸೇವೆ ನೋಡಿಕೊಳ್ಳುವುದು ನನ್ನ ಕೆಲಸವಾಗಿತ್ತು. ನಾನು ಕಂಡ ಮಟ್ಟಿಗೆ ಆ ಶುಲ್ಕ ಸಿಬ್ಬಂದಿಯ ಸಮಯಕ್ಕೂ ಸರಿಹೋಗುವುದಿಲ್ಲ. ಆದರೆ ಪ್ರಕಟಣೆಯ ಅನುಮತಿ ವಿಚಾರದಲ್ಲಿ ನಿಮ್ಮ ಅನುಮಾನ ಪೂರ್ತಿ ತಪ್ಪೂ ಅಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ತೊಡಕು ಶುರುವಾಗಿದ್ದು ನಿಮ್ಮ ಮೊದಲ ಪತ್ರದಲ್ಲೇ. 'ಇಡೀ ಪುಸ್ತಕದ ಜೆರಾಕ್ಸ್' ಎಂದು ಕೇಳಿದಿರಿ. ನಿಮಗೆ ನಿಜವಾಗಿ ಬೇಕಾಗಿರುವುದು ಅದಲ್ಲ. ಹಳೇ ಪುಸ್ತಕದಿಂದ ಒಬ್ಬರಿಗೆ ಮೂರು ಬೇರೆ ಬೇರೆ ವಸ್ತು ಬೇಕಾಗಬಹುದು. ಒಂದು, ಬರೀ ಪಠ್ಯ, ಅಂದರೆ ಲೇಖಕ ಏನು ಬರೆದ ಅನ್ನೋದು. ಎರಡು, ಚಿತ್ರ ಅಥವಾ ನಕ್ಷೆ. ಮೂರು, ಆ ಒಂದು ಪ್ರತಿಯೇ, ಬೇರೆಲ್ಲೂ ಇಲ್ಲದ ಅದರ ಗುರುತುಗಳ ಸಮೇತ. ಪಠ್ಯ ನಿಮಗೆ ಈಗಾಗಲೇ ಸಿಕ್ಕಿದೆ, ಪುಕ್ಕಟೆಯಾಗಿ. ನಕ್ಷೆ ಬೇಕು, ಆದರೆ ಅದು ಇದೇ ಪ್ರತಿಯದ್ದೇ ಆಗಬೇಕಿಲ್ಲ. ಈ ಗ್ರಂಥಾಲಯವೇ ಕೊಡಬೇಕಾದದ್ದು ಅಂಚಿನ ಟಿಪ್ಪಣಿ ಇರುವ ಪುಟಗಳು ಮಾತ್ರ. ಅವು ಹದಿನೈದು ಇರಬಹುದು, ಐವತ್ತು ಇರಬಹುದು. ಹೇಗೂ ಇಡೀ ಪುಸ್ತಕ ಅಲ್ಲ. ಇಷ್ಟು ವಿಂಗಡಿಸಿಕೊಂಡರೆ ಅವರ ಪತ್ರದ ಅರ್ಧ ತಲೆನೋವು ಅಲ್ಲೇ ಕಳೆಯುತ್ತದೆ.

ಮೊದಲು ಆ ಪುಕ್ಕಟೆ ಸ್ಕ್ಯಾನಿನ ವಿಷಯ. ನಕ್ಷೆ 'ಕಾಣುವುದೇ ಇಲ್ಲ' ಅಂದಿರಿ. ಮತ್ತೊಮ್ಮೆ ನೋಡಿ, ಬಹುಶಃ ಇದೆ. ಪುಟ 48 ಆದಮೇಲೆ ಒಂದು ಖಾಲಿ ಪುಟ, ಅದರಲ್ಲಿ ಹಿಂದಿನಿಂದ ಇಣುಕುವ ತೆಳು ಗೆರೆಗಳು, ಪಕ್ಕದಲ್ಲಿ ದಪ್ಪನೆಯ ಒಂದು ಮಡಿಕೆ. ಇಂಥದ್ದೇನಾದರೂ ಕಂಡರೆ ಅದೇ ನಕ್ಷೆ, ಮಡಚಿದ ಹಾಗೇ. 2004ರಲ್ಲಿ ಗೂಗಲ್ ದೊಡ್ಡ ದೊಡ್ಡ ಗ್ರಂಥಾಲಯಗಳ ಪುಸ್ತಕಗಳನ್ನು ಸ್ಕ್ಯಾನ್ ಮಾಡಲು ಹೊರಟಾಗ ಮುಖ್ಯವಾಗಿದ್ದು ವೇಗ. ಪ್ರತಿ ನಕ್ಷೆಯನ್ನೂ ಬಿಡಿಸಿ, ಕ್ಯಾಮೆರಾ ಎತ್ತರಿಸಿ, ಮತ್ತೆ ಮಡಚುವ ವ್ಯವಧಾನ ಆ ಕೆಲಸದಲ್ಲಿ ಇರಲಿಲ್ಲ. ಹಾಗಾಗಿ ಮಡಚಿದ್ದು ಮಡಚಿದಂತೆಯೇ ದಾಖಲಾಯಿತು. ಅದೇ ಸ್ಕ್ಯಾನು ಬೇರೆ ತಾಣಗಳಲ್ಲೂ ಕಾಣಿಸಿಕೊಳ್ಳುತ್ತದೆ. ನಾಲ್ಕು ಕಡೆ ಹುಡುಕಿ ನಾಲ್ಕು ಕಡೆಯೂ ನಕ್ಷೆ ಇಲ್ಲ ಅಂದರೆ, ನೀವು ನೋಡಿದ್ದು ಒಂದೇ ಪ್ರತಿಯನ್ನು ನಾಲ್ಕು ಸಲ ಇರಬಹುದು. ಮೊದಲ ಪುಟದಲ್ಲಿ ಯಾವ ಗ್ರಂಥಾಲಯದ ಮುದ್ರೆ ಇದೆ ಅಂತ ನೋಡಿದರೆ ಗೊತ್ತಾಗುತ್ತದೆ.

ಪರಿಹಾರ ಏನೆಂದರೆ ಬೇರೆ ಪ್ರತಿಯ ಸ್ಕ್ಯಾನ್ ಹುಡುಕುವುದು. ಹಾತಿಟ್ರಸ್ಟ್, ಇಂಟರ್‌ನೆಟ್ ಆರ್ಕೈವ್, ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯದ ಗ್ಯಾಲಿಕಾ, ಯುರೋಪಿಯಾನಾ, ಈ ಆನ್‌ಲೈನ್ ಸಂಗ್ರಹಗಳನ್ನೆಲ್ಲ ನೋಡಿ. ಗ್ರಂಥಾಲಯಗಳು ತಾವೇ ನಿಧಾನವಾಗಿ ಮಾಡಿದ ಸ್ಕ್ಯಾನುಗಳಲ್ಲಿ ನಕ್ಷೆಗಳನ್ನು ಬಿಡಿಸಿಯೇ ತೆಗೆದಿರುವುದು ಸಾಮಾನ್ಯ. ಪ್ರವಾಸ ಕಥನದ ನಕ್ಷೆಗಳನ್ನು ಪುಸ್ತಕದಿಂದ ಬಿಡಿಸಿ ಬಿಡಿ ನಕ್ಷೆಯಾಗಿ ಕ್ಯಾಟಲಾಗ್ ಮಾಡಿರುವುದೂ ಉಂಟು. ಆದ್ದರಿಂದ ಪುಸ್ತಕದ ಹೆಸರಲ್ಲಿ ಮಾತ್ರವಲ್ಲ, ನಕ್ಷೆಯ ಶೀರ್ಷಿಕೆಯಲ್ಲೂ, ಅದನ್ನು ಕೆತ್ತಿದವರ ಹೆಸರಲ್ಲೂ ಹುಡುಕಿ. ಈ ಹುಡುಕಾಟಕ್ಕೆ ಒಂದು ಸಂಜೆ ಹೋಗಬಹುದು. ಆದರೆ ದೊಡ್ಡ ನಕ್ಷೆಯ ಶುಲ್ಕ ಉಳಿದರೂ ಉಳಿಯಿತು.

ಒಂದು ಎಚ್ಚರಿಕೆ ಇದೆ. ಕೈಯಿಂದ ಅಚ್ಚು ಹಾಕುತ್ತಿದ್ದ ಕಾಲದ ಪುಸ್ತಕದಲ್ಲಿ ಎರಡು ಪ್ರತಿ ಒಂದೇ ಥರ ಇರಬೇಕೆಂದಿಲ್ಲ. ಅಚ್ಚು ನಡೆಯುತ್ತಿರುವಾಗಲೇ ತಪ್ಪು ಕಂಡರೆ ಪ್ರೆಸ್ ನಿಲ್ಲಿಸಿ ತಿದ್ದುತ್ತಿದ್ದರು. ಆದರೆ ಅಷ್ಟರಲ್ಲಿ ಅಚ್ಚಾದ ಹಾಳೆಗಳನ್ನು ಎಸೆಯುತ್ತಿರಲಿಲ್ಲ, ಅವೂ ಪುಸ್ತಕದೊಳಗೆ ಸೇರುತ್ತಿದ್ದವು. ವಾಷಿಂಗ್ಟನ್ನಿನ ಫೋಲ್ಜರ್ ಗ್ರಂಥಾಲಯದಲ್ಲಿ ಶೇಕ್ಸ್‌ಪಿಯರ್‌ನ 1623ರ ಫೋಲಿಯೋದ (ಅವನ ನಾಟಕಗಳ ಮೊದಲ ಸಂಗ್ರಹ) 82 ಪ್ರತಿಗಳಿವೆ. ಒಂದೇ ಪುಸ್ತಕದ ಅಷ್ಟು ಪ್ರತಿ ಯಾಕೆ ಅಂತ ಕೇಳುವವರಿಗೆ ಒಳ್ಳೆಯ ಉತ್ತರ ಸಿಕ್ಕಿದ್ದು ವಿದ್ವಾಂಸರು ಅವನ್ನು ಪಕ್ಕಪಕ್ಕ ಇಟ್ಟು ಹೋಲಿಸಿದಾಗಲೇ. ನಕ್ಷೆಗಳ ಕಥೆ ಇನ್ನೂ ಸಡಿಲ. ಅವು ಅಕ್ಷರಗಳ ಜೊತೆ ಅಚ್ಚಾದವಲ್ಲ. ತಾಮ್ರದ ತಗಡಿನಿಂದ ಬೇರೆಯಾಗಿ ಮುದ್ರಿಸಿ ಆಮೇಲೆ ಬೈಂಡರ್ ಸೇರಿಸಿದವು. ಒಂದು ಪ್ರತಿಯಲ್ಲಿ ಪುಟ 48ರ ಎದುರು ಇರುವ ನಕ್ಷೆ ಇನ್ನೊಂದರಲ್ಲಿ ಪುಸ್ತಕದ ಕೊನೆಗಿರುತ್ತದೆ. ಮತ್ತೊಂದರಲ್ಲಿ ಇರುವುದೇ ಇಲ್ಲ, ಯಾರೋ ಕತ್ತರಿಸಿ ಮಾರಿರುತ್ತಾರೆ. ಹಾಗಾಗಿ ಯಾವ ಪ್ರತಿ ನೋಡಿದಿರಿ ಅನ್ನೋದನ್ನು ಲೇಖನದಲ್ಲಿ ಬರೆಯಿರಿ. ಪಠ್ಯ ಒಂದು ಕಡೆಯದು, ನಕ್ಷೆ ಇನ್ನೊಂದು ಕಡೆಯದು ಆದರೆ ಅದನ್ನೂ ಹೇಳಿ.

ಇನ್ನು ಜೆರಾಕ್ಸ್ ಯಾಕಿಲ್ಲ ಅನ್ನೋದು. ಯಂತ್ರದ ಬೆಳಕು ಪುಟವನ್ನು ಸುಟ್ಟುಬಿಡುತ್ತದೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಬೆಳಕಿನಿಂದ ಹಾನಿ ಇರುವುದು ನಿಜ, ಅದು ಸ್ವಲ್ಪ ಸ್ವಲ್ಪವಾಗಿ ಕೂಡುತ್ತಾ ಹೋಗುತ್ತದೆ. ಆದರೆ ಒಂದು ಸಲದ ಜೆರಾಕ್ಸಿಗೆ ಮುಖ್ಯ ಭಯ ಅದಲ್ಲ, ಒತ್ತುವುದು. ಗಾಜಿನ ಮೇಲೆ ಪುಸ್ತಕವನ್ನು ಬೋರಲು ಹಾಕಿ, ಒಳ ಅಂಚಿನ ಸಾಲು ಬರಲಿ ಅಂತ ಬೆನ್ನನ್ನು ಅಂಗೈಯಿಂದ ಅದುಮುತ್ತೇವಲ್ಲ, ಅಲ್ಲಿ ಹೊಲಿಗೆ ಕಿತ್ತುಬರುತ್ತದೆ. ಹಳೆಯ ಚರ್ಮದ ಬೈಂಡಿಂಗ್ ಒಣಗಿದ್ದರೆ ರಟ್ಟು ಬೆನ್ನಿಗೆ ಸೇರುವ ಜಾಗದಲ್ಲಿ ಸೀಳು ಬಿಡುತ್ತದೆ. ಒಂದು ಪುಟಕ್ಕೆ ಏನೂ ಆಗದೆ ಇರಬಹುದು. ನಾನೂರು ಪುಟಕ್ಕೆ ಆ ಬೆನ್ನು ತಡೆಯುವುದಿಲ್ಲ.

ಇಲ್ಲೊಂದು ತಮಾಷೆ ಇದೆ. ನಿಮ್ಮ ಪುಸ್ತಕದ ಕಾಗದ ಬಹುಶಃ ಗಟ್ಟಿಮುಟ್ಟಾಗಿಯೇ ಇದೆ. ಆಗ ಕಾಗದ ಮಾಡುತ್ತಿದ್ದದ್ದು ಹಳೇ ನಾರುಬಟ್ಟೆ, ಹತ್ತಿಬಟ್ಟೆಯ ಚಿಂದಿಯಿಂದ. ಉದ್ದ ನಾರು, ಬಾಳಿಕೆ ಜಾಸ್ತಿ. ಹತ್ತೊಂಬತ್ತನೇ ಶತಮಾನದ ಮಧ್ಯದಿಂದ ಮರದ ತಿರುಳಿನ ಕಾಗದ ಬಂತು. ಅದರಲ್ಲಿ ಉಳಿದ ಆಮ್ಲ ಕಾಗದವನ್ನು ಒಳಗಿನಿಂದಲೇ ತಿನ್ನುತ್ತದೆ. ಮೂಲೆ ಮಡಚಿದರೆ ಮುರಿದು ಕೈಗೆ ಬರುತ್ತದೆ. ಹೀಗಾಗಿ 1795ರ ಪುಸ್ತಕವನ್ನು ನಿರಾಳವಾಗಿ ತೆರೆದು ಕೊಡುವ ಸಿಬ್ಬಂದಿ 1895ರ ಅಗ್ಗದ ಪುಸ್ತಕ ಕೇಳಿದರೆ ಮುಖ ಸಣ್ಣ ಮಾಡುತ್ತಾರೆ. 'ಇಷ್ಟು ಹಳೇದು, ಮುಟ್ಟಲು ಕೊಡುವುದಿಲ್ಲವೇನೋ' ಅಂತ ವಯಸ್ಸು ನೋಡಿ ಹೆದರಬೇಡಿ.

ನಿಮ್ಮ ಪ್ರತಿಯಲ್ಲಿ ಅಪಾಯ ಇರುವುದು ಎರಡು ಕಡೆ. ಒಂದು ಬೈಂಡಿಂಗ್. ಇನ್ನೊಂದು ಮಡಚಿದ ನಕ್ಷೆ. ನಕ್ಷೆ ಹರಿಯುವುದು ಸಾಮಾನ್ಯವಾಗಿ ಒಂದೇ ಜಾಗದಲ್ಲಿ, ಪುಸ್ತಕಕ್ಕೆ ಅಂಟಿಸಿದ ಒಳ ಅಂಚಿನ ಹತ್ತಿರ, ಮೊದಲ ಮಡಿಕೆ ಶುರುವಾಗುವಲ್ಲಿ. ತಪ್ಪು ದಿಕ್ಕಿಗೆ ಒಮ್ಮೆ ಎಳೆದರೆ ಸಾಕು. ಇಂಥ ನಕ್ಷೆ ಬಿಡಿಸಲು ಇಬ್ಬರು ಬೇಕಾಗುತ್ತದೆ, ಒಬ್ಬರು ಪುಸ್ತಕ ಹಿಡಿಯಲು, ಇನ್ನೊಬ್ಬರು ನಕ್ಷೆಯನ್ನು ಪಕ್ಕದ ಹಲಗೆ ಮೇಲೆ ಹಾಸಲು. ದೊಡ್ಡದಾಗಿದ್ದರೆ ತುಂಡು ತುಂಡಾಗಿ ಚಿತ್ರ ತೆಗೆದು ಆಮೇಲೆ ಜೋಡಿಸಬೇಕು. 'ನಕ್ಷೆಗೆ ಬೇರೆ ದರ' ಅನ್ನೋದರ ಹಿಂದೆ ಇರುವುದು ಇದು. 'ಮೊದಲು ಸ್ಥಿತಿ ಪರೀಕ್ಷೆ' ಅಂದರೂ ಅಷ್ಟೇ, ಪುಸ್ತಕ ಎಷ್ಟು ಅಗಲ ತೆರೆಯುತ್ತದೆ ಅಂತ ನೋಡುವುದು. ಬಿಗಿ ಬೈಂಡಿಂಗ್ ಇದ್ದರೆ ತೊಂಬತ್ತು ಡಿಗ್ರಿಗಿಂತ ಜಾಸ್ತಿ ತೆರೆಯದೇ ಇರಬಹುದು. ಆಗ ವಿ ಆಕಾರದ ತೊಟ್ಟಿಲಿನಲ್ಲಿಟ್ಟು ಮೇಲಿನಿಂದ ಕ್ಯಾಮೆರಾದಲ್ಲಿ ತೆಗೆಯುತ್ತಾರೆ. ಆದರೂ ಒಳ ಅಂಚಿನ ಒಂದೆರಡು ಅಕ್ಷರ ನೆರಳಿಗೆ ಸಿಕ್ಕಬಹುದು. ಟಿಪ್ಪಣಿ ಒಳ ಅಂಚಿನಲ್ಲಿದ್ದರೆ ಅದನ್ನು ಮೊದಲೇ ಹೇಳಿ.

ಮೈಕ್ರೋಫಿಲ್ಮ್ ಬೇಗ ಸಿಗುತ್ತದೆ, ಅಗ್ಗವೂ ಹೌದು, ಅಸಲು ಪುಸ್ತಕವನ್ನು ಯಾರೂ ಮುಟ್ಟಬೇಕಾಗಿಲ್ಲ. ಪಠ್ಯ ಮಾತ್ರ ಬೇಕಾದವರಿಗೆ ಇದು ಒಳ್ಳೆಯ ದಾರಿ. ನಿಮಗೆ ಬೇಡ. ಕಪ್ಪು ಬಿಳುಪು ಫಿಲ್ಮಿನಲ್ಲಿ ಮಾಸಿದ ಕಂದು ಶಾಯಿ, ಅದಕ್ಕಿಂತ ಹೆಚ್ಚಾಗಿ ಪೆನ್ಸಿಲ್ ಗೆರೆ, ಹಿನ್ನೆಲೆಯಲ್ಲಿ ಕರಗಿಹೋಗಿರುತ್ತದೆ. ಅಚ್ಚಿನ ಅಕ್ಷರ ಓದುವಂತಿರಲಿ ಅಂತಲೇ ಆ ಫಿಲ್ಮ್ ತೆಗೆದದ್ದು. ಟಿಪ್ಪಣಿ ಕಾಣಲಿಲ್ಲ ಅಂದಮಾತ್ರಕ್ಕೆ ಟಿಪ್ಪಣಿ ಇಲ್ಲ ಅಂದುಕೊಳ್ಳುವ ಅಪಾಯ ಇದರಲ್ಲಿದೆ.

ಹಾಗಾದರೆ ಏನು ಕೇಳಬೇಕು, ಹೇಗೆ ಕೇಳಬೇಕು? ಅಪರೂಪದ ಪುಸ್ತಕಗಳ ಗ್ರಂಥಾಲಯಗಳಲ್ಲಿ ಸಾಮಾನ್ಯವಾಗಿ ಎರಡು ಸೇವೆ ಇರುತ್ತವೆ. ಜನ ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ. ಒಂದು ವಿಚಾರಣೆ. ಗ್ರಂಥಪಾಲಕರು ಪುಸ್ತಕ ತೆಗೆದು ನೋಡಿ ಸಣ್ಣ ಪ್ರಶ್ನೆಗೆ ಉತ್ತರಿಸುತ್ತಾರೆ. ಇದಕ್ಕೆ ಹೆಚ್ಚಿನ ಕಡೆ ದುಡ್ಡಿಲ್ಲ, ಆದರೆ ಇಷ್ಟೇ ಹೊತ್ತು ಅನ್ನೋ ಮಿತಿ ಇರುತ್ತದೆ. ಇನ್ನೊಂದು ನಕಲು ಸೇವೆ. ಅದಕ್ಕೆ ಫಾರಂ, ದರ, ಸರದಿ ಎಲ್ಲ ಇವೆ. ನೀವು ಮೊದಲನೆಯದನ್ನು ಬಿಟ್ಟು ಸೀದಾ ಎರಡನೆಯದಕ್ಕೆ ಹೋದಿರಿ. ಮೊದಲು ವಿಚಾರಣೆಗೆ ಬರೆಯಿರಿ, ಕಾಲ್ ನಂಬರ್ (ಆ ಪ್ರತಿಗೆ ಗ್ರಂಥಾಲಯ ಕೊಟ್ಟ ಗುರುತಿನ ಸಂಖ್ಯೆ) ಸಮೇತ. ಹೀಗೆ:

'ಈ ಕಾಲ್ ನಂಬರಿನ ಪ್ರತಿಯಲ್ಲಿ ಅಂಚಿನ ಟಿಪ್ಪಣಿಗಳಿವೆ ಎಂದು ನಿಮ್ಮ ಕ್ಯಾಟಲಾಗಿನಲ್ಲಿದೆ. ಸುಮಾರು ಎಷ್ಟು ಪುಟಗಳಲ್ಲಿವೆ, ಯಾವ ಅಧ್ಯಾಯದ ಸುತ್ತ ಹೆಚ್ಚಿವೆ ಎಂದು ತಿಳಿಸಬಹುದೇ? ಬರೆದವರ ಸಹಿ ಅಥವಾ ಮಾಲೀಕರ ಹೆಸರು ಮೊದಲ ಹಾಳೆಗಳಲ್ಲಿದೆಯೇ? ನಕ್ಷೆಗಳು ಎಷ್ಟಿವೆ? ಈ ಪ್ರತಿಯಿಂದ ಈ ಹಿಂದೆ ಯಾರಿಗಾದರೂ ಡಿಜಿಟಲ್ ಚಿತ್ರ ಮಾಡಿಕೊಟ್ಟಿದ್ದೀರಾ? ಲೇಖನಕ್ಕಾಗಿ ಕೇಳುತ್ತಿದ್ದೇನೆ, ಇಂಥ ತಿಂಗಳೊಳಗೆ ಬೇಕು.'

ಇಷ್ಟೇ. ಇದರಲ್ಲಿ ತುಂಬಾ ಬೆಲೆಬಾಳುವ ವಾಕ್ಯ 'ಈ ಹಿಂದೆ ಯಾರಿಗಾದರೂ' ಅನ್ನೋದು. ಹಿಂದೆ ಮಾಡಿದ ಚಿತ್ರ ಕಡತದಲ್ಲಿದ್ದರೆ ಅದನ್ನೇ ಕಳಿಸುತ್ತಾರೆ, ಕೆಲವೊಮ್ಮೆ ಶುಲ್ಕವಿಲ್ಲದೆ. ಕೇಳದವರಿಗೆ ಯಾರೂ ತಾವಾಗಿ ಹೇಳುವುದಿಲ್ಲ. ಬಚ್ಚಿಡಬೇಕು ಅಂತಲ್ಲ. ಅರ್ಜಿ ನೋಡುವವರು ಒಬ್ಬರು, ಚಿತ್ರದ ಕಡತ ಇಟ್ಟುಕೊಂಡವರು ಇನ್ನೊಬ್ಬರು, ಅಷ್ಟೇ.

ನಕಲು ಅರ್ಜಿಯಲ್ಲಿ ಪುಟಸಂಖ್ಯೆ ಬರೆದರೆ ಮುಗಿಯಿತು ಅಂದುಕೊಳ್ಳಬೇಡಿ. ಆ ಕಾಲದ ಪುಸ್ತಕಗಳಲ್ಲಿ ಪುಟಸಂಖ್ಯೆ ತಪ್ಪಿ ಅಚ್ಚಾಗಿರುವುದು ಸಾಮಾನ್ಯ. 112 ಆದಮೇಲೆ ಮತ್ತೆ 105 ಬರಬಹುದು. ಪುಟದ ಅಡಿಯಲ್ಲಿ 'ಬಿ2' ಅನ್ನೋ ಥರದ ಸಣ್ಣ ಗುರುತು ಇರುತ್ತದೆ. ಹಾಳೆಗಳನ್ನು ಸರಿಯಾಗಿ ಮಡಚಿ ಜೋಡಿಸಲು ಬೈಂಡರ್‌ಗೆಂದು ಹಾಕಿದ್ದು ಅದು. ಅನುಮಾನ ಇದ್ದಾಗ ಪುಟಸಂಖ್ಯೆಯ ಜೊತೆ ಆ ಗುರುತನ್ನೂ, ಪುಟದ ಮೊದಲ ಮೂರು ಪದಗಳನ್ನೂ ಬರೆಯಿರಿ. ನಕ್ಷೆಗೆ ಪುಟಸಂಖ್ಯೆಯೇ ಇರುವುದಿಲ್ಲ, ಅದರ ಶೀರ್ಷಿಕೆ ಕೊಡಿ. ನಿಮ್ಮ ಹತ್ತಿರ ಪುಕ್ಕಟೆ ಸ್ಕ್ಯಾನ್ ಇದೆಯಲ್ಲ, ಇದೆಲ್ಲ ಅದರಲ್ಲೇ ನೋಡಿ ಬರೆಯಬಹುದು.

ಎರಡು ಮಾತು ತಾಂತ್ರಿಕವಾಗಿ. ಓದಲು ಅಸಲು ಅಳತೆಯಲ್ಲಿ 300 ಡಿಪಿಐ (ಒಂದು ಇಂಚಿಗೆ ಎಷ್ಟು ಚುಕ್ಕೆ ಅನ್ನೋ ಲೆಕ್ಕ) ಸಾಕು. ತಾಮ್ರದ ಕೆತ್ತನೆಯ ನಕ್ಷೆಗೆ, ಸಣ್ಣ ಕೈಬರಹಕ್ಕೆ 400 ಅಥವಾ 600 ಕೇಳಿ. ಸುಮ್ನೆ ಎಲ್ಲದಕ್ಕೂ 600 ಕೇಳಬೇಡಿ. ಎ4 ಅಳತೆಯ ಬಣ್ಣದ ಪುಟ 300ರಲ್ಲಿ ಟಿಫ್ (ಚಿತ್ರದ ವಿವರ ಬಿಡದೆ ಇಡುವ) ಫೈಲಾಗಿ ಸುಮಾರು 25 ಎಂಬಿ ಆದರೆ 600ರಲ್ಲಿ ಸುಮಾರು 100 ಎಂಬಿ. ಡಿಪಿಐ ಎರಡರಷ್ಟಾದರೆ ಫೈಲು ನಾಲ್ಕರಷ್ಟು ಬೆಳೆಯುತ್ತದೆ. ಓದುವುದಕ್ಕೆ ಜೆಪೆಗ್ ತೆಗೆದುಕೊಳ್ಳಿ, ಅಚ್ಚಿಗೆ ಹೋಗುವ ಒಂದೆರಡು ಚಿತ್ರಕ್ಕೆ ಮಾತ್ರ ಟಿಫ್.

ಅದಕ್ಕಿಂತ ಮುಖ್ಯವಾದದ್ದು, 'ಪುಟದ ನಾಲ್ಕೂ ಅಂಚು ಕಾಣುವಂತೆ, ಕ್ರಾಪ್ ಮಾಡದೆ ಕೊಡಿ' ಎಂದು ಬರೆಯುವುದು. ಕಾರಣ ಇದೆ. ಹಳೇ ಪುಸ್ತಕಗಳನ್ನು ಮತ್ತೆ ಬೈಂಡ್ ಮಾಡುವಾಗ ಬೈಂಡರ್ ಹೊರ ಅಂಚನ್ನು ಕತ್ತರಿಸುತ್ತಿದ್ದ. ಟಿಪ್ಪಣಿಯ ಪ್ರತಿ ಸಾಲಿನ ಕೊನೆಯ ಎರಡು ಮೂರು ಅಕ್ಷರ ಅದರ ಜೊತೆ ಹೋಗಿರುತ್ತದೆ. ನಿಮ್ಮ ಸ್ಕ್ಯಾನಿನಲ್ಲಿ ಸಾಲು ತುಂಡಾಗಿ ನಿಂತಿದ್ದರೆ, ಕತ್ತರಿಸಿದ್ದು ಇನ್ನೂರು ವರ್ಷ ಹಿಂದಿನ ಬೈಂಡರೋ ಇವತ್ತಿನ ಕ್ಯಾಮೆರಾದವರೋ ಅಂತ ಗೊತ್ತಾಗಬೇಕು. ಕಾಗದದ ಅಂಚು, ಅದರಾಚೆ ಹಿನ್ನೆಲೆ ಎರಡೂ ಚಿತ್ರದಲ್ಲಿದ್ದರೆ ಅನುಮಾನಕ್ಕೆ ಜಾಗವಿಲ್ಲ. ಪಕ್ಕದಲ್ಲಿ ಬಣ್ಣದ ಪಟ್ಟಿ, ಅಳತೆಪಟ್ಟಿ ಇಟ್ಟು ತೆಗೆದಿದ್ದರೆ ಅದನ್ನೂ ತೆಗೆಸಬೇಡಿ. ಶಾಯಿ ಕಂದೋ ಕಪ್ಪೋ, ಒಂದೇ ಕೈಬರಹವೋ ಎರಡೋ ಅನ್ನೋ ಪ್ರಶ್ನೆ ಬಂದಾಗ ಆ ಪಟ್ಟಿ ಬೇಕಾಗುತ್ತದೆ. ಶಾಯಿ ತೀರಾ ಮಾಸಿದ್ದರೆ ನೇರಳಾತೀತ ಬೆಳಕಿನಲ್ಲಿ ತೆಗೆಯುವ ಸೌಲಭ್ಯ ಇದೆಯಾ ಅಂತ ಕೇಳಿ. ಕಬ್ಬಿಣದ ಅಂಶ ಇರುವ ಹಳೇ ಶಾಯಿ ಆ ಬೆಳಕಿನಲ್ಲಿ ಗಾಢವಾಗಿ ಎದ್ದು ಕಾಣುತ್ತದೆ. ಎಲ್ಲ ಕಡೆ ಈ ಸೌಲಭ್ಯ ಇಲ್ಲ, ಇರುವ ಕಡೆ ದುಬಾರಿ.

ಈಗ ಗೆಳೆಯನ ವಿಚಾರ. ಇದು ಕೆಟ್ಟ ಯೋಚನೆಯೇನಲ್ಲ. ಎಷ್ಟೋ ಗ್ರಂಥಾಲಯಗಳು ಈಗ ಓದುವ ಕೋಣೆಯಲ್ಲಿ ಸ್ವಂತ ಫೋನಿನಿಂದ ಫೋಟೋ ತೆಗೆಯಲು ಬಿಡುತ್ತವೆ. ಲಂಡನ್ನಿನ ಬ್ರಿಟಿಷ್ ಲೈಬ್ರರಿ 2015ರಲ್ಲಿ ಇದಕ್ಕೆ ಒಪ್ಪಿತು. ಆದರೆ ಹೋದವನೇ ಕೌಂಟರಿನಲ್ಲಿ ಪುಸ್ತಕ ಕೇಳಿ ಟಕಟಕ ಅಂತ ತೆಗೆದು ಬರಲು ಆಗುವುದಿಲ್ಲ. ಓದುಗರ ಚೀಟಿ ಮಾಡಿಸಬೇಕು, ಗುರುತಿನ ಪತ್ರ, ವಿಳಾಸದ ಪುರಾವೆ ತೋರಿಸಬೇಕು. ಪುಸ್ತಕ ಬೇರೆ ಕಟ್ಟಡದಲ್ಲಿದ್ದರೆ ದಿನ ಮುಂಚೆ ಕಾಯ್ದಿರಿಸಬೇಕು. ಚೀಲ, ಕೋಟು ಲಾಕರಿನಲ್ಲಿ ಇಡಬೇಕು, ಪೆನ್ನು ಕೂಡದು, ಪೆನ್ಸಿಲ್ ಮಾತ್ರ. ಇದು ನಿಮ್ಮ ಗೆಳೆಯನ ಮೇಲೆ ಅನುಮಾನವಲ್ಲ. 2005ರಲ್ಲಿ ಯೇಲ್ ವಿಶ್ವವಿದ್ಯಾಲಯದ ಬೈನೆಕಿ ಗ್ರಂಥಾಲಯದಲ್ಲಿ ನೆಲದ ಮೇಲೆ ಒಂದು ಬ್ಲೇಡ್ ಬಿದ್ದಿದ್ದನ್ನು ಸಿಬ್ಬಂದಿ ಕಂಡರು. ಹಿಡಿದದ್ದು ಎಲ್ಲರಿಗೂ ಪರಿಚಿತನಾಗಿದ್ದ ನಕ್ಷೆ ವ್ಯಾಪಾರಿಯನ್ನು. ಬೇರೆ ಬೇರೆ ಗ್ರಂಥಾಲಯಗಳಿಂದ 97 ನಕ್ಷೆ ಕದ್ದದ್ದನ್ನು ಅವನು ಒಪ್ಪಿಕೊಂಡ. ನೀವು ಕೇಳುತ್ತಿರುವುದೂ ನಕ್ಷೆಯ ಪುಸ್ತಕವನ್ನೇ, ಅಲ್ವಾ?

ಕೈಗವಸಿನ ಮಾತೂ ಬರುತ್ತದೆ, ಹೇಳಿಬಿಡುತ್ತೇನೆ. ಸಿನಿಮಾಗಳಲ್ಲಿ ಬಿಳೀ ಬಟ್ಟೆಯ ಕೈಗವಸು ಹಾಕಿಕೊಂಡು ಹಳೇ ಪುಸ್ತಕ ತಿರುವುತ್ತಾರೆ. ಪುಸ್ತಕಕ್ಕೆ ಅದು ಬೇಡ. ಬಟ್ಟೆಯೊಳಗಿನ ಬೆರಳಿಗೆ ಹಾಳೆಯ ದಪ್ಪ ಗೊತ್ತಾಗುವುದಿಲ್ಲ, ಎರಡು ಹಾಳೆ ಒಟ್ಟಿಗೆ ಬರುತ್ತವೆ, ಅಂಚು ಹರಿಯುತ್ತದೆ. ಸೋಪಿನಲ್ಲಿ ತೊಳೆದು ಚೆನ್ನಾಗಿ ಒಣಗಿಸಿದ ಬರಿಗೈಯೇ ಒಳ್ಳೆಯದು. ಕೈಗವಸು ಬೇಕಾಗುವುದು ಹಳೇ ಫೋಟೋಗಳಿಗೆ, ಲೋಹದ ವಸ್ತುಗಳಿಗೆ, ಮತ್ತು ಹತ್ತೊಂಬತ್ತನೇ ಶತಮಾನದ ಕೆಲವು ಹಸಿರು ಬಟ್ಟೆಯ ಬೈಂಡಿಂಗುಗಳಿಗೆ. ಆ ಹಸಿರಿನಲ್ಲಿ ಆರ್ಸೆನಿಕ್ ಇರುತ್ತದೆ. ಅಲ್ಲಿ ಕಾಪಾಡಬೇಕಾದದ್ದು ನಿಮ್ಮ ಕೈಯನ್ನು, ಪುಸ್ತಕವನ್ನಲ್ಲ.

ಗೆಳೆಯನನ್ನು ಕಳಿಸುವುದಾದರೆ ಅವನಿಗೆ ಇಷ್ಟು ಹೇಳಿ. ಫ್ಲ್ಯಾಶ್ ಬೇಡ. ಪುಸ್ತಕವನ್ನು ಫೋಮ್ ದಿಂಬಿನ ಮೇಲಿಟ್ಟೇ ತೆಗೆಯಲಿ, ಪುಟ ನಿಲ್ಲದಿದ್ದರೆ ಬೆರಳಿನಿಂದ ಅದುಮದೆ ಅಲ್ಲಿಯೇ ಕೊಡುವ ಮಣಿ ತುಂಬಿದ ಬಟ್ಟೆಯ ಸರ ಇಡಲಿ. ಮೊದಲ ಫೋಟೋ ಕಾಲ್ ನಂಬರಿನ ಚೀಟಿಯದ್ದಿರಲಿ. ಪ್ರತಿ ಪುಟವನ್ನೂ ಪೂರ್ತಿಯಾಗಿ ಒಂದು, ಟಿಪ್ಪಣಿಯನ್ನು ಹತ್ತಿರದಿಂದ ಒಂದು, ಹೀಗೆ ಎರಡೆರಡು ತೆಗೆಯಲಿ. ಹತ್ತಿರದ್ದು ಮಾತ್ರ ತೆಗೆದರೆ ಮನೆಗೆ ಬಂದಮೇಲೆ ಯಾವ ಟಿಪ್ಪಣಿ ಯಾವ ಪುಟದ್ದು ಅಂತ ತಿಳಿಯದೆ ಒದ್ದಾಡುತ್ತೀರಿ. ನಕ್ಷೆ ಬಿಡಿಸಲು ಸಿಬ್ಬಂದಿಯನ್ನೇ ಕರೆಯಲಿ. ಈ ದಾರಿಯ ಮಿತಿಯೂ ಗೊತ್ತಿರಲಿ. ಫೋನ್ ಫೋಟೋ ಓದಲು ಚೆನ್ನಾಗಿರುತ್ತದೆ, ಅಚ್ಚಿಗೆ ಆಗಿಬರುವುದಿಲ್ಲ. ಸ್ವಂತ ಅಧ್ಯಯನಕ್ಕೆ ಮಾತ್ರ ಎಂದು ಅವನು ಸಹಿ ಹಾಕಿರುತ್ತಾನೆ, ಆ 'ಸ್ವಂತ' ಅವನದು, ನಿಮ್ಮದಲ್ಲ. 'ನನ್ನ ಪರವಾಗಿ ಇವರು ಬರುತ್ತಾರೆ' ಎಂದು ನೀವೇ ಮೊದಲು ಒಂದು ಸಾಲು ಬರೆದು ಒಪ್ಪಿಗೆ ಪಡೆದರೆ ತಕರಾರಿಲ್ಲ.

ಗೆಳೆಯನಿಗೆ ಇನ್ನೂರು ವರ್ಷ ಹಿಂದಿನ ಕೈಬರಹ ಓದಲು ಬರದಿದ್ದರೆ? ಆಗಲೇ ಸ್ವತಂತ್ರ ಸಂಶೋಧಕರು ಬೇಕಾಗುವುದು. ಗ್ರಂಥಾಲಯ ಪಟ್ಟಿ ಕೊಡುತ್ತದೆಯೇ ಹೊರತು ಅವರ ಕೆಲಸಕ್ಕೆ ಜವಾಬ್ದಾರಿ ಹೊರುವುದಿಲ್ಲ. ಗಂಟೆಗಿಷ್ಟು ಎಂದು ತೆಗೆದುಕೊಳ್ಳುತ್ತಾರೆ. ಮೊದಲು ಒಂದೆರಡು ಗಂಟೆಯ ಕೆಲಸ ಮಾತ್ರ ಒಪ್ಪಿಸಿ, ನಾಲ್ಕು ಟಿಪ್ಪಣಿ ಓದಿಸಿ, ಅದೇ ಪುಟದ ಫೋಟೋ ಜೊತೆ ಹೋಲಿಸಿ ನೋಡಿ. ಓದಲಾಗದ ಪದವನ್ನು ಊಹಿಸಿ ತುಂಬದೆ 'ಓದಲಾಗಲಿಲ್ಲ' ಎಂದು ಬಿಟ್ಟವರು ನಂಬಿಕಸ್ಥರು. ಏನು ನೋಡಿದೆ, ಏನು ಸಿಗಲಿಲ್ಲ ಅನ್ನೋದನ್ನೂ ಬರೆದುಕೊಡಬೇಕೆಂದು ಮೊದಲೇ ಹೇಳಿ. ಇಲ್ಲದಿದ್ದರೆ ಮುಂದೆ ಅದೇ ಹುಡುಕಾಟಕ್ಕೆ ಮತ್ತೆ ದುಡ್ಡು ಕೊಡುತ್ತೀರಿ. ನಿಮ್ಮ ಮಟ್ಟಿಗೆ ನನ್ನ ಸಲಹೆ: ಟಿಪ್ಪಣಿ ಪುಟಗಳು ಇಪ್ಪತ್ತು ಮೂವತ್ತರೊಳಗಿದ್ದರೆ ಸಂಶೋಧಕರು ಬೇಡ. ಒಳ್ಳೆಯ ಸ್ಕ್ಯಾನ್ ತರಿಸಿ ನೀವೇ ಕೂತು ಓದಿ. ಒಬ್ಬನೇ ವ್ಯಕ್ತಿಯ ಕೈಬರಹ ಹತ್ತು ಪುಟ ದಾಟುವಷ್ಟರಲ್ಲಿ ಕಣ್ಣಿಗೆ ಪಳಗುತ್ತದೆ. ಅಂತರ್-ಗ್ರಂಥಾಲಯ ಎರವಲು, ಅಂದರೆ ನಿಮ್ಮ ಊರಿನ ಗ್ರಂಥಾಲಯದ ಮೂಲಕ ಪುಸ್ತಕವನ್ನೇ ತರಿಸಿಕೊಳ್ಳುವುದು, ಕೇಳುವ ಯೋಚನೆ ಇದ್ದರೆ ಬಿಟ್ಟುಬಿಡಿ. ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯ 1645ರಲ್ಲಿ ರಾಜ ಒಂದನೇ ಚಾರ್ಲ್ಸ್‌ಗೇ ಪುಸ್ತಕ ಹೊರಗೆ ಕೊಡಲಿಲ್ಲ.

ಕಾಪಿರೈಟ್‌ಗೆ ಬರೋಣ. ಇಲ್ಲಿ ಒಂದರ ಮೇಲೊಂದು ನಾಲ್ಕು ಪದರ ಇವೆ. ಜನ ಜಗಳ ಆಡುವುದು ಅವನ್ನು ಕಲಸಿಕೊಂಡು.

ಅಚ್ಚಾದ ಪುಸ್ತಕದ ಹಕ್ಕು ಮುಗಿದಿದೆ. ಲೇಖಕರು ಸತ್ತ ಮೇಲೆ ಭಾರತದಲ್ಲಿ 60 ವರ್ಷ, ಯುರೋಪಿನಲ್ಲಿ 70 ವರ್ಷ. 1790ರ ದಶಕದ ಪುಸ್ತಕಕ್ಕೆ ಯಾವ ಲೆಕ್ಕದಲ್ಲೂ ಹಕ್ಕು ಉಳಿದಿಲ್ಲ. ನಿಮ್ಮ ಮಾತು ಸರಿ.

ಅಂಚಿನ ಟಿಪ್ಪಣಿ ಬೇರೆ. ಅದು ಯಾವತ್ತೂ ಪ್ರಕಟವಾಗದ ಬರಹ. ಪ್ರಕಟವಾಗದ್ದಕ್ಕೆ ಕೆಲವು ದೇಶಗಳಲ್ಲಿ ಲೆಕ್ಕವೇ ಬೇರೆ. ಬ್ರಿಟನ್ನಿನ ಕಾನೂನಿನಲ್ಲಿ ಒಂದು ವಿಚಿತ್ರ ಇದೆ. 1969ಕ್ಕಿಂತ ಮೊದಲು ತೀರಿಕೊಂಡವರ, 1989ರವರೆಗೂ ಪ್ರಕಟವಾಗದೆ ಉಳಿದ ಬರಹಗಳ ಹಕ್ಕು 2039ರ ಕೊನೆಯವರೆಗೆ ಇರುತ್ತದೆ. ಬರೆದವರು ಸತ್ತು ಇನ್ನೂರು ವರ್ಷವಾದರೂ ಸರಿ. ಅಂದರೆ ಪುಸ್ತಕದ ಅಚ್ಚಿನ ಸಾಲು ಎಲ್ಲರ ಸ್ವತ್ತು, ಅದರ ಪಕ್ಕದಲ್ಲೇ ಪೆನ್ಸಿಲಿನಲ್ಲಿ ಗೀಚಿದ್ದು ಕಾನೂನಿನ ಲೆಕ್ಕದಲ್ಲಿ ಇನ್ನೂ ಯಾರದ್ದೋ. ಹೆಸರೇ ಗೊತ್ತಿಲ್ಲದ ಓದುಗರ ವಾರಸುದಾರರು ಎದ್ದು ಬಂದು ಕೇಸು ಹಾಕುವ ಸಂಭವ ಇಲ್ಲವೆನ್ನುವಷ್ಟು ಕಡಿಮೆ. ವಿಮರ್ಶೆಗೆಂದು ಕೆಲವು ಸಾಲು ಉದ್ಧರಿಸುವುದಕ್ಕೆ ಎಷ್ಟೋ ದೇಶಗಳ ಕಾನೂನಿನಲ್ಲಿ ಅವಕಾಶವೂ ಇದೆ, ಆದರೆ ಅದಕ್ಕೆ ಹಾಕುವ ಷರತ್ತು ಎಲ್ಲ ಕಡೆ ಒಂದೇ ಅಲ್ಲ. ಗ್ರಂಥಾಲಯ ಫಾರಂನಲ್ಲಿ 'ಹಕ್ಕಿನ ಜವಾಬ್ದಾರಿ ಅರ್ಜಿದಾರರದು' ಎಂದು ಬರೆಸಿಕೊಳ್ಳುವುದು ಇಂಥದ್ದಕ್ಕೇ.

ಮೂರನೆಯದು ಫೋಟೋದ ಹಕ್ಕು. ಹಳೇ ಪುಟವೊಂದನ್ನು ಇದ್ದ ಹಾಗೇ ಚಿತ್ರ ತೆಗೆದರೆ ಆ ಚಿತ್ರಕ್ಕೆ ಹೊಸ ಕಾಪಿರೈಟ್ ಬರುತ್ತದೆಯೇ? ಬರುವುದಿಲ್ಲ ಎಂದು ನ್ಯೂಯಾರ್ಕಿನ ನ್ಯಾಯಾಲಯ 1999ರಲ್ಲಿ ಹೇಳಿತು. ಹಕ್ಕು ಮುಗಿದ ದೃಶ್ಯಕೃತಿಗಳ ಯಥಾವತ್ ಪ್ರತಿಗೆ ಹೊಸ ಹಕ್ಕಿಲ್ಲ ಎಂದು ಯುರೋಪಿಯನ್ ಒಕ್ಕೂಟ 2019ರ ನಿರ್ದೇಶನದಲ್ಲಿ ಬರೆಯಿತು. ಹಾಗಾಗಿ 'ಚಿತ್ರದ ಕಾಪಿರೈಟ್ ನಮ್ಮದು' ಎಂದು ಯಾವುದಾದರೂ ಗ್ರಂಥಾಲಯ ಬರೆದರೆ ಎಲ್ಲ ಕಡೆ ಅದು ಗಟ್ಟಿ ನಿಲ್ಲುವ ಮಾತಲ್ಲ. ನಿಮ್ಮ ಅನುಮಾನಕ್ಕೆ ಜಾಗ ಇರುವುದು ಇಲ್ಲೇ. ಪ್ರಕಟಣೆ ಶುಲ್ಕ ಅನ್ನೋದು ಬಹಳ ಕಡೆ ಹಳೇ ಅಭ್ಯಾಸದ ಬಲದಿಂದ ಉಳಿದುಕೊಂಡಿದೆ. ಯೇಲ್ 2011ರಲ್ಲೇ ಹಕ್ಕು ಮುಗಿದ ವಸ್ತುಗಳ ಚಿತ್ರಗಳನ್ನು ಮುಕ್ತವಾಗಿ ಬಿಟ್ಟಿತು, ಆಮೇಲೆ ಬೇರೆ ದೊಡ್ಡ ಸಂಸ್ಥೆಗಳೂ ಅದೇ ದಾರಿ ಹಿಡಿದವು.

ಆದರೂ ನಾಲ್ಕನೆಯದು ನಿಮ್ಮನ್ನು ಹಿಡಿಯುತ್ತದೆ, ನೀವು ಸಹಿ ಹಾಕುವ ಫಾರಂ. ಅದು ಕಾಪಿರೈಟ್ ಅಲ್ಲ, ಒಪ್ಪಂದ. 'ಅನುಮತಿ ಇಲ್ಲದೆ ಪ್ರಕಟಿಸುವುದಿಲ್ಲ' ಎಂದು ಸಹಿ ಮಾಡಿದ ಮೇಲೆ ಕಾನೂನು ನಿಮ್ಮ ಪರ ಇದ್ದರೂ ಕೊಟ್ಟ ಮಾತು ಮಾತೇ. ಮುರಿದರೆ ಕೋರ್ಟಿಗೆ ಹೋಗುತ್ತಾರೋ ಇಲ್ಲವೋ, ಮುಂದಿನ ಸಲ ಪುಸ್ತಕ ಕೇಳಲು ಅಲ್ಲಿಗೇ ಹೋಗಬೇಕಲ್ಲ. ಆದ್ದರಿಂದ ಸಹಿಗೆ ಮೊದಲು ಫಾರಂ ಪೂರ್ತಿ ಓದಿ, ಚೌಕಾಸಿ ಮಾಡುವುದಿದ್ದರೆ ಆಗಲೇ ಮಾಡಿ. ಲಾಭದ ಉದ್ದೇಶವಿಲ್ಲದ ಲೇಖನ, ಇಷ್ಟು ಚಿತ್ರ, ಇಂಥ ಕಡೆ ಪ್ರಕಟಣೆ ಎಂದು ಬಿಡಿಸಿ ಬರೆದರೆ ಶುಲ್ಕ ಕಡಿಮೆ ಮಾಡುವುದು, ಬಿಟ್ಟೇ ಬಿಡುವುದು ಅಪರೂಪವಲ್ಲ. ಉದ್ಧರಣೆಗೆ ಶುಲ್ಕ ಕೇಳುವವರು ಕಡಿಮೆ. ಕೇಳುವುದು ಚಿತ್ರ ಅಚ್ಚು ಹಾಕುವುದಕ್ಕೆ. ನಿಮ್ಮ ಲೇಖನಕ್ಕೆ ಟಿಪ್ಪಣಿಯ ಒಂದು ಪುಟದ ಚಿತ್ರ ಸಾಕಾಗಬಹುದು, ಉಳಿದದ್ದನ್ನು ಬರೆದು ಹೇಳಬಹುದು.

ನೀವು ಕೇಳಲಿಲ್ಲ, ಆದರೆ ಮುಂದೆ ಏಳುವ ಪ್ರಶ್ನೆ: ಬಂದ ಸ್ಕ್ಯಾನುಗಳನ್ನು ಇತಿಹಾಸದ ಗೆಳೆಯರ ವಾಟ್ಸಾಪ್ ಗುಂಪಿಗೆ ಹಾಕಬಹುದೇ? ಅದೂ ಆ ಫಾರಂನಲ್ಲೇ ಇರುತ್ತದೆ, 'ಮರುಹಂಚಿಕೆ' ಅನ್ನೋ ಸಾಲು ಹುಡುಕಿ. ಬೇಡ ಎಂದಿದ್ದರೆ ಪುಟಸಂಖ್ಯೆ, ಕಾಲ್ ನಂಬರ್ ಕಳಿಸಿ, ಬೇಕಾದವರು ತರಿಸಿಕೊಳ್ಳುತ್ತಾರೆ. ಲೇಖನದಲ್ಲಿ ಗ್ರಂಥಾಲಯದ ಹೆಸರು, ಕಾಲ್ ನಂಬರ್, ಹಾಳೆಯ ಗುರುತು ಮೂರನ್ನೂ ಕೊಡಿ. ಪ್ರಕಟವಾದ ಮೇಲೆ ಒಂದು ಪ್ರತಿ ಅವರಿಗೂ ಕಳಿಸಿ. ಟಿಪ್ಪಣಿ ಬರೆದವರು ಯಾರೆಂದು ನೀವು ಕಂಡುಹಿಡಿದಿದ್ದರೆ ಅವರ ಕ್ಯಾಟಲಾಗಿನ ಆ ಒಂದು ಸಾಲನ್ನು ತಿದ್ದಿಕೊಳ್ಳುತ್ತಾರೆ.